ಮಂದಿರದಿಂದ ಮನೆಗೆ ಎಳೆದ ವಯರು

ನಮ್ಮ ಮನೆಯಲ್ಲಿ ಹಗ್ಗಕ್ಕಿಂತ ವಯರು ಹೆಚ್ಚಿತ್ತು. ಸಾಲಿಗ್ರಾಮದಲ್ಲಿ ಬಸ್ಸಿಳಿದು ಪಡುವಣಕ್ಕೆ, ಕಡಲಿನ ಕಡೆ ನಡೆದರೆ ಸಿಗುವ ಸಣ್ಣ ಹಂಚಿನ ಮನೆ ಅದು. ಒಂದು ಚಾವಡಿ, ಒಂದು ಒಳಕೋಣೆ, ಹೊಗೆ ಹಿಡಿದ ಅಡುಗೆಮನೆ. ಅಪ್ಪಯ್ಯ ಮೊದಲು ಬೋಟಿಗೆ ಹೋಗುತ್ತಿದ್ದವರು. ಬಲೆ ಎಳೆಯುವಾಗ ಹಗ್ಗಕ್ಕೆ ಸಿಕ್ಕಿ ಎಡಗೈಯ ಎರಡು ಬೆರಳು ಹೋದ ಮೇಲೆ ಕಡಲು ಬಿಟ್ಟರು, ಮೈಕ್ ಸೆಟ್ ಬಾಡಿಗೆಗೆ ಕೊಡುವ ಕೆಲಸ ಹಿಡಿದರು. ಮೂರು ಬೆರಳಿನ ಕೈಯಲ್ಲೇ ವಯರು ಸುಲಿದು, ಬೆಸೆದು, ಟೇಪು ಸುತ್ತುತ್ತಿದ್ದರು. ಉಳಿದ ಮೂರು ಬೆರಳನ್ನು ದೇವರು ಇಟ್ಟನಲ್ಲ ಎಂದು ಅಮ್ಮ ಹೇಳುತ್ತಿದ್ದರು. ನನಗೂ ಹಾಗೆ ಲೆಕ್ಕ ಹಾಕುವುದೇ ಅಭ್ಯಾಸವಾಯಿತು. ಚಾವಡಿಯ ಗೋಡೆಯ ತುಂಬ ಗೂಟಗಳು, ಗೂಟಕ್ಕೊಂದು ವಯರಿನ ಸುರುಳಿ. ಕಪ್ಪು ವಯರು ಮೈಕಿನದು, ಕೆಂಪು ಹಳದಿ ಹೊಸೆದದ್ದು ದೊಡ್ಡ ಬಾಯಿಯ ಹಾರನ್ನಿನದು. ಮದುವೆಮನೆಯಿಂದ ಬಂದ ವಯರಿಗೆ ಪಾಯಸದ ಅಂಟು, ಶಾಲೆಯಿಂದ ಬಂದದ್ದಕ್ಕೆ ಮಣ್ಣು. ಅದನ್ನೆಲ್ಲ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಮಡಚುವುದು ಅಮ್ಮನ ಮತ್ತು ನನ್ನ ಕೆಲಸ. ಉಪ್ಪುಗಾಳಿಗೆ ತಾಮ್ರ ಬೇಗ ಹಸಿರುಗಟ್ಟುತ್ತದೆ. ಹಸಿರು ಕಂಡ ಕಡೆ ಬ್ಲೇಡಿನಲ್ಲಿ ಕೆರೆದು ಮಿಂಚಿಸಬೇಕು. ಊರಲ್ಲಿ ಎಲ್ಲರೂ ವಯರನ್ನು ಅಂಗೈ ಮತ್ತು ಮೊಳಕೈಗೆ ಹಾಕಿ ಸುತ್ತುತ್ತಿದ್ದರು. ನಮ್ಮ ಮನೆಯಲ್ಲಿ ಅದು ನಡೆಯುತ್ತಿರಲಿಲ್ಲ.

"ಮೊಳಕೈಗ್ ಸುತ್ತಬೇಡ ಹೆಣೆ, ವಯರಿಗೆ ಮುರಿ ಬೀಳತ್ತ್. ಬೋಟಿನ್ ಹಗ್ಗ ಮಡ್ಚಿದಂಗೆ ಎಂಟರ ನಮೂನಿ ಮಡ್ಚ್," ಎನ್ನುತ್ತಿದ್ದರು ಅಪ್ಪಯ್ಯ.

ಇವತ್ತಿಗೂ ನಾನು ಇಸ್ತ್ರಿಪೆಟ್ಟಿಗೆಯ ವಯರನ್ನು ಎಂಟರ ಹಾಗೇ ಮಡಚುತ್ತೇನೆ.

ಒಳಕೋಣೆ ಅಜ್ಜಿಯದು, ಅಂದರೆ ಅಪ್ಪಯ್ಯನ ತಾಯಿಯದು. ಅಜ್ಜಿ ನಮ್ಮ ಕೇರಿಯ ಭಜನಾ ಮಂದಿರದಲ್ಲಿ ಪ್ರತಿ ಶನಿವಾರ ಸಂಜೆ ಹೆಂಗಸರ ಚಾಪೆಯ ಮೊದಲ ಜಾಗದಲ್ಲಿ ಕೂತು ತಾಳ ಹಾಕಿ ಹಾಡಿಸುತ್ತಿದ್ದವರು. ದೊಡ್ಡ ಸ್ವರ. ಅವರು ಹಾಡಿದರೆ ಮೈಕು ಬೇಡ ಎಂದು ಅಪ್ಪಯ್ಯನೇ ನಗುತ್ತಿದ್ದರು. ಬಾವಿಕಟ್ಟೆಯ ಪಾಚಿಯಲ್ಲಿ ಜಾರಿ ಸೊಂಟ ಮುರಿದ ಮೇಲೆ ಅಜ್ಜಿ ಏಳಲಿಲ್ಲ. ಮಂಚ, ಅದರ ಕೆಳಗೆ ಮಲಮೂತ್ರದ ಪಾತ್ರೆ, ಪಕ್ಕದ ಸ್ಟೂಲಿನ ಮೇಲೆ ಗಂಜಿಯ ಬಟ್ಟಲು, ಗೋಡೆಯ ಮೊಳೆಗೆ ನೇತುಹಾಕಿದ ಹಿತ್ತಾಳೆಯ ತಾಳ: ಇಷ್ಟು ಅವರ ಲೋಕ. ಅಮ್ಮ ಅಲ್ಲಿಯವರೆಗೆ ಮೀನಿನ ಬುಟ್ಟಿ ಹೊತ್ತು ರಸ್ತೆಯಾಚೆ ಮೂಡಣ ಕಡೆಯ ಮನೆಮನೆ ತಿರುಗುತ್ತಿದ್ದರು. ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಬರುವಾಗ ಅವರ ಬಾಯಲ್ಲಿ ಹತ್ತು ಮನೆಯ ಸುದ್ದಿ ಇರುತ್ತಿತ್ತು. ಅಜ್ಜಿ ಬಿದ್ದ ಮರುದಿನ ಬುಟ್ಟಿ ತೊಳೆದು ಅಟ್ಟಕ್ಕೆ ಹಾಕಿದರು. ಆಮೇಲೆ ಅವರು ಸುದ್ದಿ ಹೇಳಿದ್ದು ನನಗೆ ನೆನಪಿಲ್ಲ. ಅತ್ತೆ ಸೊಸೆಗೆ ಮೊದಲಿಂದಲೂ ಬಾಯಿಜಗಳ ಇದ್ದೇ ಇತ್ತು. ಸಾರಿಗೆ ಹುಳಿ ಹೆಚ್ಚಾದರೆ ಒಂದು, ಕಡಿಮೆಯಾದರೆ ಒಂದು. ಮೊದಲೆಲ್ಲ ಜಗಳವಾದರೆ ಒಬ್ಬರು ಬಾವಿಕಟ್ಟೆಗೋ ಕಡಲ ಬದಿಗೋ ಹೋಗಿ ಬರುತ್ತಿದ್ದರು. ಈಗ ಇಬ್ಬರಿಗೂ ಹೋಗಲು ಜಾಗವಿರಲಿಲ್ಲ.

ಶನಿವಾರ ಬಂತೆಂದರೆ ಅಜ್ಜಿ ಮಧ್ಯಾಹ್ನದಿಂದಲೇ ಮೌನ. ಶನಿವಾರ ಮೀನಿಲ್ಲ, ಹೆಸರುಕಾಳಿನ ಗಸಿ, ಅದನ್ನೂ ಮುಟ್ಟುತ್ತಿರಲಿಲ್ಲ. ಮಂದಿರ ನಮ್ಮ ಮನೆಯಿಂದ ಮೂರು ಹಿತ್ತಲು ಆಚೆ. ಅದರ ಮಾಡಿನ ಮೇಲಿನ ಹಾರನ್ನು ಮೂಡಕ್ಕೆ, ರಸ್ತೆಯ ಕಡೆ ಮುಖ ಮಾಡಿ ಕಟ್ಟಿದ್ದು. ಮನೆಯೊಳಗೆ ಬರುವಷ್ಟರಲ್ಲಿ ಹಾಡಿನ ಅಕ್ಷರವೆಲ್ಲ ಕಡಲಿನ ಸದ್ದಿನಲ್ಲಿ ಕಲಸಿಹೋಗುತ್ತಿತ್ತು. ಒಂದು ಸಂಜೆ ಅಜ್ಜಿ ಗೋಡೆಯ ಕಡೆ ತಿರುಗಿ ಅಳುವುದನ್ನು ಅಪ್ಪಯ್ಯ ಕಂಡರು. ಮಾರನೇ ದಿನವೇ ಹಳೆಯ ವಯರಿನ ತುಂಡುಗಳನ್ನೆಲ್ಲ ಜೋಡಿಸಿ, ತೆಂಗಿನ ಮರದಿಂದ ಮರಕ್ಕೆ ಕಟ್ಟಿ, ಮಂದಿರದ ಆಂಪ್ಲಿಫೈಯರಿನಿಂದ ಅಜ್ಜಿಯ ತಲೆದೆಸೆಯವರೆಗೆ ತಂದರು. ತುದಿಗೊಂದು ಮರದ ಪೆಟ್ಟಿಗೆ, ಅದರೊಳಗೆ ಸ್ಪೀಕರು. ಆ ಶನಿವಾರ ಪೆಟ್ಟಿಗೆ ಮೊದಲು ಗುಂಯ್ ಎಂದಿತು, ಆಮೇಲೆ ಹಾರ್ಮೋನಿಯಂ, ಆಮೇಲೆ ಮಂದಿರದ ಹಿರಿಯರಾದ ಶೀನಣ್ಣನ ಸ್ವರ, ಮಂಚದ ಪಕ್ಕದಲ್ಲೇ ಕೂತು ಹಾಡಿದಂತೆ. ಅಜ್ಜಿ ಅರ್ಧ ಹಾಡು ಕೇಳಿ ಅಡುಗೆಮನೆಯ ಕಡೆ ಕೂಗಿದರು.

"ಹ್ವಾಯ್ ಜಲಜಾ! ಶೀನ ಶ್ರುತಿ ಬಿಟ್ಟ, ಕೇಂತಾ?"

"ನಂಗ್ ಎಂತದೂ ಕೇಂತಿಲ್ಲ ಅತ್ತೆ. ಒಲಿ ಊದುದೊಂದೇ ಕೇಂತ್," ಎಂದರು ಅಮ್ಮ.

ಆದರೆ ಅಮ್ಮ ಒಲೆ ಬಿಟ್ಟು ಬಂದು ಬಾಗಿಲಿಗೆ ಒರಗಿ ನಿಂತಿದ್ದರು. ಅತ್ತೆ ಹಾಡಿದರು, ಸೊಸೆ ಸಣ್ಣ ಸ್ವರದಲ್ಲಿ ದನಿಗೂಡಿಸಿದರು. ಪಾತ್ರೆ ತೊಳೆಯುವಾಗಲೂ ಗುನುಗದ ಅಮ್ಮನಿಗೆ ಇಷ್ಟು ಹಾಡು ಬರುತ್ತದೆಂದು ನನಗೆ ಗೊತ್ತಾದದ್ದೇ ಆಗ. ಅಜ್ಜಿಗೆ ಗೊತ್ತಿತ್ತು. ಕೆಲವು ವಾರ ಕಳೆದ ಮೇಲೆ ಶೀನಣ್ಣ ನೋಡಲು ಬಂದಾಗ ಅಜ್ಜಿಯೇ ಹೇಳಿದರು:

"ಬಪ್ಪ ನವರಾತ್ರಿಗೆ ಹೆಂಗ್ಸರ್ ಬದಿಯಂಗೆ ಮೊದಲ್ನೇ ಭಜನೆ ಜಲಜ ಹೇಳ್ಲಿ. ಆ ತಾಳ ಅವ್ಳಿಗೇ."

ಶೀನಣ್ಣ ಒಪ್ಪಿದರು. ಅಮ್ಮ ಕಾಫಿಯ ಲೋಟ ಎತ್ತಿಕೊಂಡು ಹೋದರು. ಸಂಜೆ ನೋಡಿದರೆ ಮೊಳೆಯ ಮೇಲಿನ ತಾಳವನ್ನು ಹುಣಸೆಹುಳಿ ಹಾಕಿ ಬೆಳಗುತ್ತಿದ್ದರು. ಬುಟ್ಟಿ ಅಟ್ಟಕ್ಕೆ ಹೋದ ಮೇಲೆ ಅಮ್ಮನಿಗೆಂದು ಈ ಲೋಕದಲ್ಲಿ ಇಟ್ಟಿದ್ದ ಒಂದೇ ಜಾಗ ಅದು.

ಇನ್ನು ವಯರಿನ ತುದಿಯ ಪಿನ್ನಿನ ವಿಷಯ ಹೇಳಬೇಕು. ಅಪ್ಪಯ್ಯನ ಹತ್ತಿರ ಹಳೆಯ ಮೈಕಿನ ಪಿನ್ನುಗಳು ಒಂದು ಡಬ್ಬಿ ತುಂಬ ಇದ್ದವು. ಬಿಸಾಡುವ ಜಾತಿಯವರಲ್ಲ ನಾವು. ಮನೆಗೆ ಬರುವ ವಯರಿಗೂ ಅದೇ ಪಿನ್ನು ಬೆಸೆದರು. ಆಂಪ್ಲಿಫೈಯರಿನ ಹಿಂದೆ ಅದಕ್ಕೆಂದೇ ಒಂದು ತೂತು ಮಾಡಿ ಕೂರಿಸಿದರು. ಮುಂದಿನ ಮೂರು ತೂತು ಮೈಕಿಗೆ, ಹಿಂದಿನ ಒಂದು ಅಜ್ಜಿಗೆ. ಗುರುತಿಗೆಂದು ಮನೆಯ ಪಿನ್ನಿಗೆ ಕೆಂಪು ನೂಲು ಕಟ್ಟಿದ್ದರು. ಶನಿವಾರ ಅಪ್ಪಯ್ಯ ಬೇರೆ ಕಡೆ ಮೈಕು ಕಟ್ಟಲು ಹೋದರೆ ಅಜ್ಜಿಯ ಪಿನ್ನು ಹಾಕುವ ಕೆಲಸ ನನ್ನದು. ಹನ್ನೊಂದು ವರ್ಷ ನನಗೆ. ಮಂದಿರದ ದೊಡ್ಡವರ ಮುಂದೆ ಆಂಪ್ಲಿಫೈಯರಿಗೆ ಕೈಹಾಕುವ ಹುಡುಗಿ ಎಂದರೆ ಕೇರಿಯಲ್ಲಿ ನಾನೊಬ್ಬಳೇ. ಆ ಜಂಬ ಇತ್ತು. ಅಪ್ಪಯ್ಯ ಒಂದು ಸಲ ಹೇಳಿದ್ದರು, ಸ್ಪೀಕರಿಗೂ ಮೈಕಿಗೂ ಒಳಗೆ ದೊಡ್ಡ ವ್ಯತ್ಯಾಸವಿಲ್ಲ, ತಲೆಕೆಳಗೆ ಜೋಡಿಸಿದರೆ ಹೇಳುವ ಪೆಟ್ಟಿಗೆಯೇ ಕೇಳುವ ಪೆಟ್ಟಿಗೆ ಆಗುತ್ತದೆ ಎಂದು. ನಾನು ಹೂಂ ಎಂದಿದ್ದೆ, ಕೇಳಿಸಿಕೊಂಡಿರಲಿಲ್ಲ.

ನವರಾತ್ರಿಗೆ ಎರಡು ವಾರ ಇರುವಾಗಿನ ಶನಿವಾರ. ಅಪ್ಪಯ್ಯ ಹಾಲಾಡಿಯಲ್ಲಿ ಒಂದು ನಾಟಕಕ್ಕೆ ಮೈಕು ಕಟ್ಟಲು ಹೋಗಿದ್ದರು. ಮಂದಿರಕ್ಕೆ ಸುಣ್ಣ ಹೊಡೆದು ಆಂಪ್ಲಿಫೈಯರಿನ ಕಪಾಟನ್ನು ಗೋಡೆಗೆ ಒತ್ತಿ ಇಟ್ಟಿದ್ದರು. ಹಿಂದಕ್ಕೆ ನನ್ನ ಕೈ ಹೋಗಲಿಲ್ಲ. ಯಾರನ್ನಾದರೂ ಕರೆದು ಕಪಾಟು ಸರಿಸಿ ಎನ್ನಬಹುದಿತ್ತು. ದೀಪ ಹಚ್ಚಿ ಆಗಿತ್ತು, ಶೀನಣ್ಣ ಶ್ರುತಿ ಹಿಡಿದಿದ್ದರು, ನನಗೆ ಮುಂದಿನ ಸಾಲಿನಲ್ಲಿ ಜಾಗ ಹೋಗುತ್ತದೆ ಎಂಬ ಅವಸರ. ಎದುರಿಗೆ ಒಂದು ತೂತು ಖಾಲಿ ಇತ್ತು. ಅದೇ ಪಿನ್ನು, ಅದೇ ಅಳತೆ. ಸಿಕ್ಕಿಸಿದೆ, ಸಲೀಸಾಗಿ ಕೂತಿತು. ಓಡಿಹೋಗಿ ಚಾಪೆಯಲ್ಲಿ ಕೂತೆ.

ಮೊದಲ ಭಜನೆಯಲ್ಲಿ ಹಾರನ್ನಿನಿಂದ ಏನೋ ಗೊರಗೊರ ಬರುತ್ತಿತ್ತು. ಯಾರೂ ಗಮನಿಸಲಿಲ್ಲ. ಹಾಡು ಮುಗಿಯಿತು. ಶೀನಣ್ಣ ಪುಸ್ತಕದ ಹಾಳೆ ತಿರುವುತ್ತಿದ್ದರು. ಆ ಖಾಲಿಯಲ್ಲಿ ಹಾರನ್ನು ಕುಂಯ್ ಎಂದಿತು. ಪಾತ್ರೆ ಉರುಳಿದ ಸದ್ದು. ಆಮೇಲೆ ನನ್ನ ಅಮ್ಮನ ಸ್ವರ, ಮಂದಿರದ ಮಾಡಿನ ಮೇಲಿಂದ ಇಡೀ ಕೇರಿಗೆ:

"ಎಷ್ಟ್ ಸಲ ಬಳುದ್ ಅತ್ತೆ? ಎಷ್ಟ್ ಸಲ ಅಂದೇಳಿ ಬಳುದ್? ಆ ಯಮಂಗೂ ನೀವ್ ಬ್ಯಾಡ್ವಾ? ಒಂದ್ಸಲ ಹೋಯ್ನಿ ಕಾಂಬ!"

ಚಾಪೆಯ ಮೇಲೆ ಒಬ್ಬರೂ ಅಲುಗಲಿಲ್ಲ. ನನ್ನ ಪಕ್ಕದಲ್ಲಿದ್ದ ನೆರೆಮನೆಯ ಗುಲಾಬಕ್ಕ ಬಾಯಿಗೆ ಸೆರಗು ಇಟ್ಟರು. ನಾನು ಎದ್ದದ್ದು, ಓಡಿದ್ದು ನೆನಪಿಲ್ಲ. ಕೈಯಲ್ಲಿ ಪಿನ್ನು ಇದ್ದದ್ದು ನೆನಪಿದೆ. ಕೆಂಪು ನೂಲು ಬೆರಳಿಗೆ ಸುತ್ತಿಕೊಂಡಿತ್ತು. ಕಿತ್ತ ರಭಸಕ್ಕೆ ಹಾರನ್ನು ಟಪ್ ಎಂದು ಸುಮ್ಮನಾಯಿತು. ಇನ್ನೊಂದು ಮಾತು ಹೊರಗೆ ಬರುವ ಮುಂಚೆ ಕಿತ್ತೆನಲ್ಲ ಎಂದು ಆ ಗಳಿಗೆಯಲ್ಲಿ ದೇವರಿಗೆ ಕೈಮುಗಿದೆ. ಶೀನಣ್ಣ ಕೆಮ್ಮಿ, ಬೇಕೆಂದೇ ಏರುಸ್ವರದಲ್ಲಿ ಮುಂದಿನ ಹಾಡು ಎತ್ತಿಕೊಂಡರು.

ಪ್ರಸಾದದ ಪಂಚಕಜ್ಜಾಯ ತೆಗೆದುಕೊಳ್ಳದೆ ಮನೆಗೆ ಬಂದೆ. ಅಜ್ಜಿ ಒಗೆದ ಸೀರೆಯಲ್ಲಿ ಶುದ್ಧವಾಗಿ ಮಲಗಿದ್ದರು, ಮುಖದಲ್ಲಿ ಒಂದು ಬಗೆಯ ಸಮಾಧಾನ. ನೆಲ ಒರೆಸಿ ಒದ್ದೆಯಿತ್ತು. ಅಮ್ಮ ಅಡುಗೆಮನೆಯಲ್ಲಿ ಒಲೆಯ ಮುಂದೆ ಬೆನ್ನು ಹಾಕಿ ಕೂತಿದ್ದರು. ಒಲೆಯಲ್ಲಿ ಬೆಂಕಿ ಇರಲಿಲ್ಲ. ನಾನು ಬಾಯಿ ತೆರೆಯಲಿಲ್ಲ, ಅವರೂ ಕೇಳಲಿಲ್ಲ. ಬೆಳಿಗ್ಗೆ ಬಂದ ಅಪ್ಪಯ್ಯನಿಗೆ ದಾರಿಯಲ್ಲೇ ಸುದ್ದಿ ಸಿಕ್ಕಿತ್ತು. ನನ್ನನ್ನು ಹಿತ್ತಲಿಗೆ ಕರೆದು ಒಂದೇ ಪ್ರಶ್ನೆ ಕೇಳಿದರು.

"ಎದ್ರಿನ್ ತೂತಿಗಾ?"

ತಲೆಯಾಡಿಸಿದೆ. ಹೊಡೆಯುತ್ತಾರೆ ಎಂದು ಕಣ್ಣು ಮುಚ್ಚಿದೆ. ಹೊಡೆಯಲಿಲ್ಲ.

"ಎಲ್ಲದಕ್ಕೂ ಒಂದೇ ನಮೂನಿ ಪಿನ್ ಹಾಕದ್ ನಾನ್. ತಪ್ಪ್ ನಂದ್. ನೀನ್ ಯಾರತ್ರೂ ಎಂತದೂ ಹೇಳುಕಿಲ್ಲ."

ಆ ದಿನವೇ ಮಂದಿರಕ್ಕೆ ಹೋಗಿ, ಜೋಡಣೆ ತಾನೇ ತಪ್ಪು ಮಾಡಿ ಇಟ್ಟಿದ್ದೆ ಎಂದು ಎಲ್ಲರ ಮುಂದೆ ಹೇಳಿ ಬಂದರು. ಮನೆಯ ವಯರಿನ ಪಿನ್ನು ಕತ್ತರಿಸಿ, ಬೇರೆಲ್ಲಿಯೂ ಹೊಗದ ಚಪ್ಪಟೆ ಪಿನ್ನು ಬೆಸೆದರು. ಆದರೆ ಬಂದದ್ದು ಬಂದಾಗಿತ್ತು. ಜೋಡಣೆ ಯಾರದಾದರೇನು, ಮಾತು ಅಮ್ಮನದಲ್ಲವೇ.

ನಮ್ಮ ಕೇರಿಯವರು ಕೆಟ್ಟವರಲ್ಲ. ಯಾರೂ ಅಮ್ಮನ ಮುಖಕ್ಕೆ ಒಂದು ಮಾತು ಹೇಳಲಿಲ್ಲ, ಬರಬೇಡ ಎನ್ನಲಿಲ್ಲ. ಬಾವಿಕಟ್ಟೆಯಲ್ಲಿ ಅಮ್ಮ ಕೊಡ ಇಟ್ಟರೆ ಮಾತು ನಿಲ್ಲುತ್ತಿತ್ತು, ಅಷ್ಟೇ. ಅಜ್ಜಿಗೆ ಮನೆಮನೆಯಿಂದ ಗಂಜಿ, ಹಾಲುಬಾಯಿಯಂಥ ಸಿಹಿ ಬರತೊಡಗಿತು. ಸೊಸೆ ಉಪವಾಸ ಕೆಡವುತ್ತಾಳೆ ಎನ್ನುವ ಹಾಗೆ. ಒಂದು ದಿನ ಗುಲಾಬಕ್ಕ ಮಂಚದ ಬದಿಗೆ ಕೂತು, ಅಮ್ಮ ಹಿತ್ತಲಲ್ಲಿರುವಾಗ ದನಿ ತಗ್ಗಿಸಿ ಕೇಳಿದ್ದನ್ನು ನಾನು ಕೇಳಿಸಿಕೊಂಡೆ.

"ನಿಜ ಹೇಳಿ ಅಜ್ಜಿ, ಜಲಜ ನಿಮ್ಮ್ ಹ್ಯಾಂಗ್ ಕಾಣತ್ಳ್?"

"ನಾ ಹೇಳೂದೆಲ್ಲ ಆ ದಿನ ಮೈಕಂಗೇ ಹೇಳಿ ಆಯ್ತಲೆ! ಇನ್ನೆಂತ ಬಾಕಿ ಇತ್ತ್?" ಎಂದರು ಅಜ್ಜಿ.

ಗುಲಾಬಕ್ಕ ನನ್ನ ಕಡೆ ನೋಡಿ ತಲೆಯ ಪಕ್ಕ ಬೆರಳು ತಿರುಗಿಸಿದರು, ಮುದುಕಿಗೆ ಅರಳುಮರಳು ಎಂದು. ನಾನೂ ಹಾಗೆಯೇ ತಿಳಿದೆ. ಮೈಕಿನಲ್ಲಿ ಮಾತಾಡಿದ್ದು ಅಮ್ಮ, ಅಜ್ಜಿಯಲ್ಲವಲ್ಲ.

ನವರಾತ್ರಿ ಬಂತು. ಮೊದಲ ದಿನ ಸಂಜೆ ಅಮ್ಮ ಮಿಂದು, ಮಡಚಿಟ್ಟ ಸೀರೆ ಉಟ್ಟು, ತಾಳವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟರು. ಅಜ್ಜಿಯೇ ಒತ್ತಾಯಿಸಿ ಕಳಿಸಿದ್ದು. ಅಪ್ಪಯ್ಯ ಅಜ್ಜಿಯ ಹತ್ತಿರ ಕೂತರು, ನಾನು ಅಮ್ಮನ ಜೊತೆ. ಮಂದಿರದ ಮೆಟ್ಟಿಲಿನವರೆಗೆ ಹೋದೆವು. ಹೆಂಗಸರ ಚಾಪೆಯಲ್ಲಿ ಮೊದಲ ಜಾಗ ಖಾಲಿ ಇಟ್ಟಿದ್ದರು, ಮಾತಿಗೆ ತಪ್ಪಿರಲಿಲ್ಲ. ಆದರೆ ಅಮ್ಮನನ್ನು ಕಂಡೊಡನೆ ಎಲ್ಲರ ಕಣ್ಣು ತಮಗೆ ತಿಳಿಯದೆಯೇ ಮೇಲೆ, ಆ ಹಾರನ್ನಿನ ಕಡೆ ಹೋಯಿತು. ಅಮ್ಮನೂ ಮೇಲೆ ನೋಡಿದರು. ಮೆಟ್ಟಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹಿಂದೆ ತಿರುಗಿದರು. ಮನೆಗೆ ಬಂದು ಅಜ್ಜಿಗೆ, ಗಂಟಲು ಕಟ್ಟಿತು ಎಂದರು. ಆಮೇಲೆ ಅವರು ಮಂದಿರದ ಒಳಗೆ ಹೋದದ್ದನ್ನು ನಾನು ಕಾಣಲಿಲ್ಲ.

ಮಳೆಗಾಲಕ್ಕೆ ಮೊದಲೇ ಅಜ್ಜಿ ಹೋದರು. ಕೊನೆಯ ಶನಿವಾರದವರೆಗೂ ಪೆಟ್ಟಿಗೆ ಹಾಡುತ್ತಿತ್ತು. ಬೆನ್ನಿನಲ್ಲಿ ಒಂದು ಹುಣ್ಣು ಇಲ್ಲದೆ ಹೋದರು. ಅಷ್ಟು ತಿಂಗಳು ಮಲಗಿದವರಿಗೆ ಅದು ಎಷ್ಟು ಅಪರೂಪ ಎಂದು, ಮುಂದೆ ನಾನು ನನ್ನ ಅತ್ತೆಯನ್ನು ನೋಡಿಕೊಳ್ಳುವಾಗ ತಿಳಿಯಿತು. ಮೀಯಿಸಲು ಬಂದ ಹೆಂಗಸರು ಆ ಬೆನ್ನನ್ನು ಕಂಡಿರಲೇಬೇಕು. ಕಂಡದ್ದು ಹಾರನ್ನಿನಲ್ಲಿ ಬರುವುದಿಲ್ಲ. ವಯರು ಮಾತ್ರ ತೆಂಗಿನ ಮರಗಳ ನಡುವೆ ಹಾಗೇ ಉಳಿಯಿತು. ಅಪ್ಪಯ್ಯ ಬಿಚ್ಚಲಿಲ್ಲ, ಅಮ್ಮ ಅದರ ಮೇಲೆ ಒಂದು ದಿನವೂ ಬಟ್ಟೆ ಹರವಲಿಲ್ಲ.

ನಾನು ಮದುವೆಯಾಗಿ ಬ್ರಹ್ಮಾವರಕ್ಕೆ ಬಂದೆ. ಮಕ್ಕಳಾದವು. ಅಪ್ಪಯ್ಯ ಆ ದಿನ ಹಿತ್ತಲಲ್ಲಿ ಆಡಿದ ಮಾತನ್ನು ಕೊನೆಯವರೆಗೂ ನಡೆಸಿ, ನನ್ನ ಹೆಸರು ಎತ್ತದೆಯೇ ತೀರಿಕೊಂಡರು. ಅಮ್ಮ ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮಲ್ಲಿ ಇದ್ದ ಹದಿನೈದು ದಿನದಲ್ಲಿ, ಒಂದು ಮಧ್ಯಾಹ್ನ. ಟೀವಿ ನೋಡುವಂತಿಲ್ಲ, ಒಲೆಯ ಹತ್ತಿರ ಹೋಗುವಂತಿಲ್ಲ. ಹೊತ್ತು ಹೋಗಲೆಂದು ಮೊಬೈಲಿಗೆ ಮಂದಿರದ ಭಜನೆ ಹಾಕಿಸಿಕೊಂಡಿದ್ದೆ. ಇಯರ್‌ಫೋನಿನ ಎರಡು ತುದಿಯನ್ನು ಅವರ ಕಿವಿಗೆ ಸಿಕ್ಕಿಸಿದೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವಷ್ಟರಲ್ಲಿ ಅಮ್ಮ ಮಗ್ಗುಲಾದರು, ವಯರು ಎಳೆಯಿತು.

"ಇದ್ ಮಾತಾಡ್ತಿಲ್ಲೆ ಹೆಣೆ," ಎಂದರು.

ಪಿನ್ನು ಅರ್ಧ ಹೊರಗೆ ಬಂದಿತ್ತು. ಅದನ್ನು ಹಿಡಿದ ಕೈ ಅಲ್ಲೇ ನಿಂತಿತು. ಎಷ್ಟೋ ಏಕಾದಶಿ ಉಪವಾಸ ಮಾಡಿ ದೇವರ ಮುಂದೆ ಹೇಳಿಕೊಂಡಿದ್ದ ಮಾತು ಅಮ್ಮನ ಮುಂದೆ ಆಗ ಬಂತು. ಕಪಾಟು, ಎದುರಿನ ತೂತು, ಚಾಪೆಯಲ್ಲಿ ಜಾಗ ಹೋಗುತ್ತದೆಂಬ ಅವಸರ, ಎಲ್ಲ ಹೇಳಿದೆ. ಅಮ್ಮ ಒಂದು ಕಿವಿಯಿಂದ ಇಯರ್‌ಫೋನು ತೆಗೆದರು.

"ಗೊತ್ತಿತ್ತ್. ಹಾಲಾಡಿಯಂಗ್ ಇದ್ದ ಗಂಡ್ಸ್ ಮಂದಿರದಂಗೆ ಪಿನ್ ಹಾಕುದ್ ಹ್ಯಾಂಗೆ ಮಾರಾಯ್ತಿ?"

"ಮತ್ತೆ ಎಂತಕ್ ಬೈಲಿಲ್ಲ ನೀನ್?"

"ಹನ್ನೊಂದ್ ವರ್ಷದ್ ಹೆಣ್ಣಿನ್ ತಲೀ ಮೇಲೆ ಅದ್ನ ಇಡೂದಾ? ಹೊರುಕ್ ಆತಿತ್ತಾ ನಿಂಗೆ?"

ಆಮೇಲೆ ನಾನು ಕೇಳದಿದ್ದದ್ದನ್ನು ಅವರೇ ಹೇಳಿದರು. ಆ ಸಂಜೆ ಪೆಟ್ಟಿಗೆ ಹಾಡಲಿಲ್ಲ ಎಂದು ಅಜ್ಜಿ ಅದಕ್ಕೆ ತಟ್ಟಲು ಹೋಗಿ, ಕೈ ತಪ್ಪಿ, ಮಂಚದ ಮೇಲಿಂದ ಇನ್ನೂ ತೆಗೆದಿರದ ಮಲಮೂತ್ರದ ಪಾತ್ರೆ ಉರುಳಿಸಿದ್ದರು. ಆಗಷ್ಟೇ ಬದಲಿಸಿದ ಬಟ್ಟೆಯೆಲ್ಲ ಹೊಲಸಾಯಿತು. ಅಮ್ಮನ ಬಾಯಿಂದ ಆ ಮಾತು ಬಂತು, ಬಂದ ಮಾತು ತೆಂಗಿನ ತೋಟದ ಆಚೆಯಿಂದ ದೊಡ್ಡದಾಗಿ ತಿರುಗಿ ಬಂದು ಇಬ್ಬರಿಗೂ ಕೇಳಿಸಿತು. ಅಜ್ಜಿಗೆ ಕೂಡಲೇ ತಿಳಿಯಿತು. ಮೈಕಿನವನ ತಾಯಿಯಲ್ಲವೇ. ಹೊಲಸಾದ ಬಟ್ಟೆಯಲ್ಲೇ ಮಂಚದಿಂದ ಬಗ್ಗಿ ಪೆಟ್ಟಿಗೆಯನ್ನು ತಬ್ಬಿ ಹಿಡಿದು, ಭಜನೆಯ ದೊಡ್ಡ ಸ್ವರದಲ್ಲಿ ಅದರೊಳಗೆ ಮಾತಾಡಿದರಂತೆ.

"ಎಂತ ಹೇಳ್ರ್ ಅಮ್ಮ?"

"‘ಹ್ವಾಯ್, ಮಂದಿರದವ್ರೇ, ಕೇಂತಾ? ನನ್ ಸೊಸಿ ಬೈದದ್ ನಿಮ್ಗ್ ಕೇಂಡಿತ್ತ್. ಬೆಳಗಿಂದ ನಾಕ್ ಸಲ ನನ್ ಬಟ್ಟಿ ಬದ್ಲ್ಸಿಳ್, ಅದ್ ಕೇಂಡಿತಾ? ಬಟ್ಟಿ ಬದ್ಲ್ಸೂಕೆ ಸದ್ದ್ ಇಲ್ಲೆ ಕಾಣಿ. ನಾನ್ ಹೆತ್ತ ಹೆಣ್ಣಿದ್ರೂ ಇಷ್ಟ್ ಮಾಡ್ತಿರ್ಲಿಲ್ಲ. ಈಗ ಭಜನೆ ಹೇಳಿ.’ ಇಷ್ಟ್ ಹೇಳಿ ನನ್ ಮುಖ ಕಂಡ್ ನಗಾಡ್ರ್, ಎಲ್ಲ ಸಮಾ ಮಾಡ್ದೆ ಅಂಬಂಗೆ."

ಟಪ್ ಎಂದ ಆ ಸದ್ದು ನನ್ನ ಕಿವಿಯಲ್ಲಿತ್ತು. ಪಿನ್ನನ್ನು ಒಂದು ಉಸಿರಿನಷ್ಟು ತಡವಾಗಿ ಕಿತ್ತಿದ್ದರೆ.

"ಹೊರಗೆ ಅವ್ರ್ ಸ್ವರ ಬಪ್ಲಿಲ್ಲ. ನಂಗ್ ತಿಳ್ದಿತ್ತ್, ಪಿನ್ ತೆಗ್ದಿರ್ ಅಂದೇಳಿ," ಎಂದರು ಅಮ್ಮ. "ಅವ್ರಿಗೆ ತಿಳೀಲಿಲ್ಲ. ಮಾತಾಡುವವ್ರಿಗೆ ತಮ್ ಸ್ವರವೇ ಕೆಮಿ ತುಂಬ ಇರತ್ತಲ. ಊರಿಗೆಲ್ಲ ಹೇಳ್ದೆ ಅಂದ್ಕಂಡೇ ಹೋದ್ರ್. ನಾನೂ ಹಾಂಗೇ ಬಿಟ್ಟೆ."

"ಊರವ್ರಿಗೆ ನೀನ್ ಹೇಳುಕಿತ್ತ್."

"ಎಂತ ಹೇಳೂದ್? ಅತ್ತೆ ನನ್ನ್ ಹೊಗಳಿರ್ ಅಂದೇಳಿ ನಾನೇ ಸಾರೂದಾ? ಯಾರ್ ನಂಬುದ್?"

ಅಮ್ಮ ಕಟ್ಟು ಹಾಕಿದ ಕಣ್ಣಿನ ಮೇಲೆ ಕೈಯಿಟ್ಟುಕೊಂಡರು. ಅಳಬಾರದು ಎಂದು ಡಾಕ್ಟರು ಹೇಳಿದ್ದರು, ಅವರು ಅಳಲಿಲ್ಲ. ನನಗೆ ಯಾರೂ ಹಾಗೆ ಹೇಳಿರಲಿಲ್ಲ.

"ಅವ್ರ್ ಹೇಳದ್ ಊರಿಗೆ. ಸಿಕ್ಕದ್ ನಂಗೊಬ್ಳಿಗೆ. ಅಷ್ಟಾರೂ ಸಿಕ್ತಲ ಮಗಾ," ಎಂದರು. ಆಮೇಲೆ ತೆಗೆದಿದ್ದ ಇಯರ್‌ಫೋನನ್ನು ತಡವಿ ಕಿವಿಗೆ ಸಿಕ್ಕಿಸಿಕೊಂಡರು. "ಸಾಕ್, ಆ ಪಿನ್ ಸಮಾ ಹಾಕ್. ಭಜನೆ ಅರ್ಧಕ್ಕೇ ನಿಂತಿತ್ತ್."

ಪಿನ್ನು ಪೂರ್ತಿ ಒಳಗೆ ಹೋಗುವವರೆಗೆ ಒತ್ತಿದೆ. ಅಮ್ಮನ ತುಟಿ ಅಲುಗತೊಡಗಿತು. ಹಾಡು ಮುಗಿಯುವವರೆಗೆ ನಾನು ಆ ಪಿನ್ನಿನ ಮೇಲಿನ ಬೆರಳು ತೆಗೆಯಲಿಲ್ಲ.